ಕತ್ತಿನ ಅಳತೆ

"ನಿಲ್ಲಿ, ನಿಲ್ಲಿ. ಎರಡು ಮೆಟ್ಟಿಲು ವಾಪಸ್ ಹತ್ತಿ," ಎಂದು ಡ್ರೈವರ್ ಮೇಲಿನಿಂದ ಕೂಗಿದ.

ಅವನ ಅತ್ತೆಯ ದೇಹವಿದ್ದ ಸ್ಟ್ರೆಚರ್ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಹೊತ್ತಿದ್ದ ನಾಲ್ವರೂ ನಾಲ್ಕು ಕಡೆ ಎಳೆಯುತ್ತಿದ್ದರು. ಅವರಲ್ಲಿ ಮುಂದಿದ್ದವನು ಡ್ರೈವರನ ಹೆಂಡತಿಯ ತಮ್ಮ.

"ತಲೆಕಡೆಯನ್ನ ಕಂಬಿಗಿಂತ ಮೇಲಕ್ಕೆ ಎತ್ತಿ. ಹಾಂ. ಈಗ ಪೂರ್ತಿ ಎಡಕ್ಕೆ ಕಟ್ ಹೊಡೀರಿ."

"ಭಾವ, ಇದು ಬಸ್ಸಲ್ಲ."

"ಬಸ್ಸಾಗಿದ್ರೆ ಇಷ್ಟೊತ್ತಿಗೆ ಇಳಿದಿರ್ತಿತ್ತು. ಈ ತಿರುವು ನಂಗೊತ್ತು ಮಾರಾಯ. ಮೊದಮೊದಲು ಆಸ್ಪತ್ರೆಗೆ ಅಂತ ತಿಂಗಳಿಗೆರಡು ಸಲ ಅತ್ತೇನ ಕುರ್ಚಿ ಸಮೇತ ಇಳಿಸಿದ್ದೀನಿ."

ಎಡಕ್ಕೆ ಕಟ್ ಹೊಡೆದದ್ದೇ ತಡ, ಸ್ಟ್ರೆಚರ್ ಸಲೀಸಾಗಿ ತಿರುಗಿತು. ಬಾಗಿಲಲ್ಲಿ ಅಳುತ್ತ ನಿಂತಿದ್ದ ಹೆಂಡತಿಗೆ ನಗು ಬಂದುಬಿಟ್ಟಿತು. ಪಕ್ಕದಲ್ಲಿದ್ದ ಚಿಕ್ಕಮ್ಮ ಅವಳ ಕಿವಿಯಲ್ಲಿ ಕೇಳಿದರು: "ಅಲ್ಲ ಕಣೇ, ಅಕ್ಕನ ಹತ್ರ ಹದಿನಾಲ್ಕು ವರ್ಷ ಮಾತೇ ಆಡದ ಅಳಿಯ ಇವರೇನಾ?"

"ಇವರೇ ಚಿಕ್ಕಮ್ಮ. ನಂಗಿರೋದು ಒಬ್ಬರೇ."

*

ಮಾತು ನಿಂತದ್ದು ಒಂದು ಶರ್ಟಿನಿಂದ.

ಅತ್ತೆ ಟೇಲರ್. ಅವರು ಹೊಲಿದ ಬಟ್ಟೆಯನ್ನು ಸರಿಮಾಡಿಸಲೆಂದು ಯಾರೂ ವಾಪಸ್ ತಂದದ್ದಿಲ್ಲ ಎಂಬ ಹೆಸರಿತ್ತು. ಮಗಳ ಮದುವೆಗೆ ಅಳಿಯನ ಶರ್ಟನ್ನು ತಾವೇ ಹೊಲಿದರು. ಅವನು ಮೇಲಿನ ಗುಂಡಿ ಹಾಕಲು ಹೆಣಗಾಡಿ, ಬೆವರಿ, ನೆಂಟರೆಲ್ಲರ ಎದುರಿಗೇ "ಇದು ಕತ್ತು ಹಿಸುಕುತ್ತೆ" ಎಂದುಬಿಟ್ಟ.

"ಅಳತೆ ತಗೊಂಡಾಗ ಮನುಷ್ಯನ ಕತ್ತೇ ಇತ್ತಪ್ಪ. ಈಗ ನೋಡಿದ್ರೆ ಕೋಣಂದು," ಎಂದರು ಅತ್ತೆ.

ಅಲ್ಲಿಗೆ ಮುಗಿಯಿತು. ಆಮೇಲೆ ಒಂದೇ ಕೋಣೆಯಲ್ಲಿ ಎದುರುಬದುರು ಕೂತಿದ್ದರೂ "ಅವರಿಗೆ ಕಾಫಿ ಬೇಕಾ ಕೇಳು", "ಬೇಡ ಅನ್ನು" ಎಂದು ಮಾತೆಲ್ಲ ಮಗಳ ಮೂಲಕವೇ. ನಿಲ್ದಾಣದಲ್ಲಿ ಅಳಿಯನ ಬಸ್ಸು ಬಂದರೆ ಅತ್ತೆ ಮುಖ ತಿರುಗಿಸಿ ಅಂಗಡಿಯ ಬೋರ್ಡು ಓದುತ್ತ ನಿಲ್ಲುತ್ತಿದ್ದರು. ಮಳೆ ಸುರಿಯುತ್ತಿದ್ದರೂ ಅಷ್ಟೇ, ಮುಂದಿನ ಬಸ್ಸೇ ಆಗಬೇಕು.

ಆಮೇಲೊಂದು ದಿನ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಗಿ ಮೂರು ವಾರಕ್ಕೆ ಡಾಕ್ಟರು, "ಮನೆಗೆ ಕರ್ಕೊಂಡು ಹೋಗಿ, ದಿನಾ ನಡೆಸಿ. ಮಲಗಿಸಿಬಿಟ್ರೆ ಮಲಗೇಬಿಡ್ತಾರೆ," ಎಂದರು. ಮಗನಿಗೆ ದೂರದ ಊರಿನಲ್ಲಿ ಕೆಲಸವಾದ್ದರಿಂದ ಮಗಳ ಮನೆಗೇ ಬಂದರು. ಮಗಳು ಬೆಳಿಗ್ಗೆಯೇ ಶಾಲೆಗೆ ಪಾಠ ಮಾಡಲು ಹೋಗಬೇಕು. ಡ್ರೈವರನ ಪಾಳಿ ಶುರುವಾಗುತ್ತಿದ್ದುದು ಮಧ್ಯಾಹ್ನ. ಹಾಗಾಗಿ ಬೆಳಗಿನ ಹೊತ್ತು ಮನೆಯಲ್ಲಿ ಅವರಿಬ್ಬರೇ.

ಮೊದಲನೆಯ ದಿನ ಅತ್ತೆ ಸೂರು ನೋಡುತ್ತ ಕೇಳಿದರು: "ಈ ಮನೇಲಿ ಯಾರಾದ್ರೂ ಇದ್ದಾರಾ?"

ಅವನು ಬಾಗಿಲಲ್ಲಿ ನಿಂತು ಫ್ಯಾನಿಗೆ ಹೇಳಿದ: "ಇದ್ದ ಹಾಗೆ ಕಾಣುತ್ತೆ."

"ಇದ್ದೋರು ಬಂದು ಎಬ್ಬಿಸಿದ್ರೆ ಆಗ್ತಿತ್ತು."

"ಎಬ್ಬಿಸಬೇಕಾದ್ರೆ ಕೋಣನ ಕತ್ತು ಹಿಡ್ಕೋಬೇಕಾಗುತ್ತೆ."

ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದರು. ಆದರೆ ಬಚ್ಚಲಿಗೆ ಹೋಗುವ ಅವಸರ ಹದಿನಾಲ್ಕು ವರ್ಷದ ಹಠಕ್ಕಿಂತ ದೊಡ್ಡದಾಗಿತ್ತು. ಅವನು ಬಗ್ಗಿದ. ಅವರು ಎರಡೂ ಕೈಗಳನ್ನು ಅವನ ಕತ್ತಿಗೆ ಹಾಕಿದರು. ನರ್ಸ್ ಕಲಿಸಿದಂತೆ ಮಂಡಿ ಮಡಿಸಿ ನಿಧಾನಕ್ಕೆ ಎತ್ತಿ ನಿಲ್ಲಿಸಿದ. ನಿಂತ ಮೇಲೂ ಅತ್ತೆ ಕೈ ಬಿಡಲಿಲ್ಲ. ಅವರ ಬೆರಳುಗಳು ಅವನ ಕತ್ತಿನ ಸುತ್ತ ಮೆಲ್ಲಗೆ ಹರಿದಾಡಿದವು.

"ಹದಿನಾರೂವರೆ," ಎಂದರು.

"ಏನು?"

"ಕತ್ತು. ನಾನು ಹದಿನೈದೂವರೆ ಇಟ್ಟಿದ್ದೆ. ಟೇಪ್ ಜಾರಿತ್ತೋ ಏನೋ. ಅಂತೂ ತಪ್ಪು ನಂದೇ."

"ಆಮೇಲೆ ನಾನು ದಪ್ಪ ಆಗಿದ್ದೀನಿ ಅತ್ತೆ."

"ಸುಳ್ಳು ಬೇಡ ಅಳಿಯಂದ್ರೇ. ಬೇಗ ನಡೀರಿ, ಇಲ್ಲಾಂದ್ರೆ ಇಲ್ಲೇ ಆಗಿಹೋಗುತ್ತೆ."

ಅಂದಿನಿಂದ ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಅಡುಗೆಮನೆಗೆ ದಿನವೂ ನಡಿಗೆ. ಅವನು ಅವರ ತಲೆ ಬಾಚಿದ, ಕಾಲಿನ ಉಗುರು ಕತ್ತರಿಸಿದ, ಔಷಧಿ ಉಗುಳಿದರೆ ಬೈದ. ಎರಡನೇ ತಿಂಗಳಲ್ಲಿ ಒಂದು ದಿನ ಅತ್ತೆ ಊರುಗೋಲು ಎಸೆದು ಅಡುಗೆಮನೆಯ ಹೊಸ್ತಿಲಲ್ಲೇ ಕುಸಿದು ಕೂತರು. "ನನ್ನ ಕೈಲಾಗಲ್ಲ. ನನ್ನ ಪಾಡಿಗೆ ಬಿಟ್ಟುಬಿಡಿ," ಎಂದು ಅತ್ತರು. ಎಬ್ಬಿಸಲು ಹೋದವನಿಗೆ ಏನನ್ನಿಸಿತೋ, ತಾನೂ ಪಕ್ಕದಲ್ಲೇ ನೆಲಕ್ಕೆ ಕೂತ.

"ಇಂಜಿನ್ ಬಿಸಿಯಾಗಿದೆ. ತಣ್ಣಗಾಗ್ಲಿ, ಆಮೇಲೆ ನೋಡೋಣ."

ಅರ್ಧ ಗಂಟೆ ಹಾಗೇ ಕೂತಿದ್ದರು. ಕೊನೆಗೆ ಅತ್ತೆಯೇ ಮೂಗೊರೆಸಿಕೊಂಡು ಕೈ ಚಾಚಿದರು.

*

ಅತ್ತೆಯನ್ನು ಮಣ್ಣು ಮಾಡಿ ಎಲ್ಲರೂ ಬಸ್ಸು ಹತ್ತಿದರು. ಡಿಪೋದವರೇ ಜನರಿಗೆಂದು ಕಳಿಸಿದ್ದ ಬಸ್ಸು. ಇವತ್ತು ಸ್ಟಿಯರಿಂಗ್ ಹಿಡಿದಿದ್ದವನು ಗೆಳೆಯನೊಬ್ಬ. ಡ್ರೈವರ್ ಮುಂದಿನ ಸೀಟಿನಲ್ಲಿ ಹೆಂಡತಿಯ ಪಕ್ಕ ಕೂತಿದ್ದ. ಅವನ ಜೊತೆ ದಿನವೂ ದುಡಿಯುವ ಕಂಡಕ್ಟರ್ ಕಂಬಿ ಹಿಡಿದು ನಿಂತು, ಅತ್ತೆ ಮೊದಲ ಸಲ ಅಳಿಯನ ಬಸ್ಸು ಹತ್ತಿದ ಕತೆ ಹೇಳುತ್ತಿದ್ದ.

"ಮೂರು ಮೆಟ್ಟಿಲಿಗೆ ನಾಲ್ಕು ನಿಮಿಷ. ಹಿಂದಿನ ಸೀಟಲ್ಲೊಬ್ಬ ಎದ್ದು, 'ಇವತ್ತೇ ಹೊರಡುತ್ತಾ ಈ ಬಸ್ಸು?' ಅಂದ. ಅಮ್ಮ ಎರಡನೇ ಮೆಟ್ಟಿಲ ಮೇಲಿಂದಾನೇ ಅವನನ್ನ ನೋಡಿ, 'ನಿನ್ನ ಪ್ಯಾಂಟಿನ ಹೊಲಿಗೆ ಬಿಟ್ಟಿದೆ, ಕೂತ್ಕೋ' ಅಂದ್ರು. ಆಸಾಮಿ ಕೊನೇ ಸ್ಟಾಪಿನ ತನಕ ಮೇಲೇಳಲಿಲ್ಲ."

"ನಿಜವಾಗ್ಲೂ ಬಿಟ್ಟಿತ್ತಾ?" ಎಂದರು ಚಿಕ್ಕಮ್ಮ.

"ಎಲ್ಲೀದು. ಹೊಚ್ಚಹೊಸ ಪ್ಯಾಂಟು."

ಬಸ್ಸಿಡೀ ನಕ್ಕಿತು. ಊರಿಂದ ಬಂದಾಗಿನಿಂದ ಮಂಕಾಗಿದ್ದ ಭಾವಮೈದುನನೂ ಕಣ್ಣೊರೆಸಿಕೊಂಡು ನಕ್ಕ.

"ಆಮೇಲೆ ವಾರಕ್ಕೊಂದು ಸಲ ಬರೋರಲ್ವಾ, ಪಕ್ಕ ಯಾರು ಕೂತ್ರೂ ಬಿಡ್ತಿರಲಿಲ್ಲ. 'ಓಡಿಸ್ತಿರೋದು ನಮ್ಮ ಅಳಿಯಂದ್ರು. ಬ್ರೇಕ್ ಹಾಕಿದ್ದು ಗೊತ್ತಾಯ್ತೇನು? ಆಗಲ್ಲ.' ಇದನ್ನ ಕೇಳದೆ ಇಳಿದೋರು ಒಬ್ಬರೂ ಇಲ್ಲ."

ಇಂಜಿನ್ನಿನ ಗದ್ದಲದಲ್ಲಿ ಈ ಮಾತು ಡ್ರೈವರನ ಕಿವಿಗೆ ಒಮ್ಮೆಯೂ ಬಿದ್ದಿರಲಿಲ್ಲ. ಅವನು ಕಿಟಕಿಯ ಕಡೆ ತಿರುಗಿದ. ಹೆಂಡತಿ ಅವನ ಮೊಣಕೈ ಹಿಡಿದುಕೊಂಡಳು.

ಮುಂದಿನ ನಿಲ್ದಾಣದಲ್ಲಿ ಕೈಚೀಲ ಹಿಡಿದ ಮುದುಕಿಯೊಬ್ಬಳು ಕೈ ಅಡ್ಡ ಹಿಡಿದಳು.

"ಪಾಪ, ಗೊತ್ತಿಲ್ಲ ಅವರಿಗೆ," ಎಂದ ಗೆಳೆಯ, ವೇಗ ತಗ್ಗಿಸದೆ.

"ನಿಲ್ಲಿಸು," ಎಂದ ಡ್ರೈವರ್.

ಬಸ್ಸು ನಿಂತಿತು. ಅವನು ಬಾಗಿಲಿಗೆ ಹೋಗಿ, ಒಂದು ಮೆಟ್ಟಿಲು ಇಳಿದು ಕೈ ಕೊಟ್ಟ. ಮುದುಕಿ ಏದುಸಿರು ಬಿಡುತ್ತ ಮೇಲೆ ಬಂದು ತುಂಬಿದ ಬಸ್ಸನ್ನೂ ನಗುಮುಖಗಳನ್ನೂ ನೋಡಿದಳು.

"ಮದುವೆ ಮನೆಯೋರೇನಪ್ಪ ನೀವೆಲ್ಲ?"

ಹೆಂಡತಿ ಕಿಟಕಿಯ ಕಡೆ ಸರಿದು ಜಾಗ ಮಾಡಿದಳು. ಮುದುಕಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗು ಸರಿಮಾಡಿಕೊಂಡು, ಆರಾಮಾಗಿ ಒರಗಿ ಕೂರುವ ತನಕ ಡ್ರೈವರನ ಅಂಗೈ ಅವಳ ಬೆನ್ನ ಹಿಂದೆಯೇ ಇತ್ತು. ಕನ್ನಡಿಯಲ್ಲಿ ಅದನ್ನೇ ನೋಡುತ್ತಿದ್ದ ಗೆಳೆಯ ಆಮೇಲೆಯೇ ಗೇರು ಹಾಕಿದ.