ಬ್ರಸೆಲ್ಸ್ ಸಂತೆಯ ಕರಡಿಗೆ

ಭಾಲ್ಕಿಯ ಬೆಳ್ಳಿ ವ್ಯಾಪಾರಿ ಮಡೆಪ್ಪನಿಗೆ ಸರಾಫರ ಸಂಘದ ಯುರೋಪ್ ಪ್ರವಾಸದಲ್ಲಿ ಹೆಂಡತಿ ಶಾಂತಾಬಾಯಿಯನ್ನೂ ಕರೆದುಕೊಂಡು ಹೋಗುವ ಯೋಗ ಬಂತು. ಬೀದರ, ಭಾಲ್ಕಿ, ಔರಾದದ ಅಂಗಡಿಕಾರರೆಲ್ಲ ಕೂಡಿದ ತಂಡ. ಬ್ರಸೆಲ್ಸ್ ಎಂಬ ಊರಿಗೆ ಬಂದಿಳಿದಾಗಿನಿಂದ ಶಾಂತಾಬಾಯಿ ಮೂಗಿಗೆ ಹಿಡಿದ ಸೆರಗನ್ನು ಬಿಟ್ಟಿರಲಿಲ್ಲ.

ಊರಿನ ದೊಡ್ಡ ಚೌಕದಲ್ಲಿ ಬಂಗಾರದ ಗೆರೆ ಎಳೆದ ಮನೆಗಳು ಸಾಲಾಗಿ ನಿಂತಿದ್ದವು. ಶಿವನ ಸೃಷ್ಟಿಯಲ್ಲಿ ಇಂಥದ್ದೂ ಉಂಟಲ್ಲ ಎಂದು ಆಕೆ ಕೈ ಮುಗಿಯಬೇಕು, ಅಷ್ಟರಲ್ಲಿ ಕಾಲಡಿ ಕುದುರೆ ಲದ್ದಿ. ಹೊತ್ತು ಏರುವ ಮೊದಲೇ ಬಿಯರ್ ಗ್ಲಾಸು ಹಿಡಿದು ಕೂತ ಮಂದಿ. ಎರಡು ಓಣಿ ದಾಟಿದರೆ ಜನ ಒಬ್ಬರ ಮೇಲೊಬ್ಬರು ಬಿದ್ದು ಫೋಟೋ ತೆಗೆಯುತ್ತಿದ್ದರು. ಏನೆಂದು ಇಣುಕಿದರೆ ಗೋಡೆಯ ಮೂಲೆಯಲ್ಲೊಬ್ಬ ಸಣ್ಣ ಕಂಚಿನ ಹುಡುಗ ಬತ್ತಲೆ ನಿಂತು ಉಚ್ಚೆ ಹೊಯ್ಯುತ್ತಿದ್ದ. ಪಕ್ಕದ ಅಂಗಡಿಯಲ್ಲಿ ಅದೇ ಹುಡುಗ ಚಾಕಲೇಟಾಗಿ ಕೂತಿದ್ದ.

"ಇದನ್ನ ನೋಡ್ಲಾಕ ಸಮುದ್ರ ದಾಟಿ ಬಂದೇವೇನ್ರಿ? ನಮ್ಮ ಓಣ್ಯಾಗ ಮುಂಜಾನಿ ಎದ್ರ ಗೋಡಿಗುಂಟ ಇಂಥಾವ ನಿಂತಿರ್ತಾವ."

"ಅವು ಕಂಚಿನವಲ್ಲ ಶಾಂತಾ," ಮಡೆಪ್ಪ ನಕ್ಕ. "ಚಾಕಲೇಟ್ ತಿಂತಿ?"

"ಅವನ ಆಕಾರದ್ದು? ಥೂ. ನೀವೇ ತಿನ್ರಿ."

ಅವರ ಗೈಡ್ ಮಂಜಿರಿ ಔರಾದದ ಹುಡುಗಿ, ಪುಣೆಯ ಕಂಪನಿಯಲ್ಲಿ ಕೆಲಸ. ಶಾಂತಾಬಾಯಿಯನ್ನು ಸ್ವಂತ ಚಿಕ್ಕಮ್ಮನ ಹಾಗೆ ಬಾಯಿ ತುಂಬ ಕಾಕು ಎನ್ನುತ್ತಿದ್ದಳು. ಆಕೆಯ ಬೇಸರ ನೋಡಲಾರದೆ, "ಬರ್ರಿ ಕಾಕು, ಇನ್ನೊಂದು ಚೌಕದಾಗ ಹಳೇ ಸಾಮಾನಿನ ಸಂತಿ ಅದ," ಎಂದು ಗಂಡಹೆಂಡಿರಿಬ್ಬರನ್ನೂ ಕರೆದೊಯ್ದಳು.

ಅದು ಇನ್ನೂ ಹೊಲಸು. ಕಲ್ಲು ಹಾಸಿದ ಬಯಲಲ್ಲಿ ಚಾದರ ಹಾಸಿ ಸತ್ತವರ ಮನೆಗಳನ್ನೇ ಸುರುವಿದ್ದರು. ಯಾರದೋ ಹಲ್ಲಿನ ಸೆಟ್ಟು, ಯಾರದೋ ಒಳಲಂಗ, ಯಾರೋ ಇಬ್ಬರ ಮದುವೆ ಫೋಟೋ. ಜನ ಅದನ್ನೆಲ್ಲ ಎತ್ತಿ, ಮೂಸಿ, ಮತ್ತೆ ಬಿಸಾಡುತ್ತಿದ್ದರು. ಶಾಂತಾಬಾಯಿ ಯಾವುದಕ್ಕೂ ಸೀರೆ ತಾಗದ ಹಾಗೆ ನಿರಿಗೆ ಎತ್ತಿ ಹಿಡಿದು ನಡೆದಳು. ಹಾಗೆ ನಡೆಯುತ್ತಿದ್ದವಳು ತಟ್ಟನೆ ನಿಂತಳು.

ಒಬ್ಬ ಮುದುಕಿ ಮಡಚುವ ಕುರ್ಚಿಯಲ್ಲಿ ಕೂತು ಸಿಗರೇಟು ಸೇದುತ್ತ, ಬೂದಿಯನ್ನು ಒಂದು ಬೆಳ್ಳಿಯ ಡಬ್ಬಿಗೆ ತಟ್ಟುತ್ತಿದ್ದಳು. ದುಂಡನೆಯ ಡಬ್ಬಿ, ಎರಡು ಬದಿಗೆ ಮೊಗ್ಗಿನಂಥ ತುದಿ, ದಾರ ಪೋಣಿಸಲು ಕೊಂಡಿ. ಲಿಂಗ ಇಡುವ ಅಂಥದೇ ಕರಡಿಗೆ ಶಾಂತಾಬಾಯಿಯ ಕೊರಳಲ್ಲೂ ಇತ್ತು. ಆಕೆ ಬಗ್ಗಿ ನೋಡಿದಳು. ಬೂದಿಯ ನಡುವೆ ಕರ್ರಗೆ ಮಿನುಗುತ್ತ ಇಷ್ಟಲಿಂಗ ಕೂತಿತ್ತು.

ತಾಯಿಯ ಗರ್ಭದಲ್ಲಿದ್ದಾಗಲೇ ಕೂಸಿಗೆ ಕಟ್ಟುವ ಲಿಂಗ ಅದು. ದೇಹ ಮಣ್ಣಿಗೆ ಹೋಗುವಾಗ ಜೊತೆಗೇ ಹೋಗಬೇಕು. ಬೆಳ್ಳಿಯ ಡಬ್ಬಿ ಮನೆಯಲ್ಲಿ ಉಳಿದರೆ ಉಳಿದೀತು, ಕಷ್ಟಕ್ಕೆ ಮಾರಿದರೂ ಮಾರಿಯಾರು. ಲಿಂಗ ಮಾತ್ರ ಉಳಿಯುವಂತಿಲ್ಲ.

"ಯಾರದೋ ಗೋರಿ ಅಗದು ತಂದಾರ್ರೀ," ಎಂದಳು.

ಮಡೆಪ್ಪ ಡಬ್ಬಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ತಳ ನೋಡಿದ, ಅಂಗಡಿಯಲ್ಲಿ ನೋಡುವ ಹಾಗೆಯೇ. "ಗೋರಿದಲ್ಲ ಬಿಡು. ಮಣ್ಣಾಗಿದ್ದ ಬೆಳ್ಳಿ ಹಿಂಗಿರಂಗಿಲ್ಲ. ಇದು ಅಂಗಡಿಗಿ ಬಂದ ಮಾಲು."

"ಲಿಂಗ ಒಳಗಿಟ್ಟು ಯಾರು ಮಾರ್ತಾರ್ರಿ?"

"ಮಾರ್ತಾರ. ಮುದುಕರು ಹೋದ ಮ್ಯಾಲ ಮಕ್ಕಳು ತಂದು ಕೊಡ್ತಾರ. ಒಳಗಿಂದು ಮುಟ್ಟಂಗಿಲ್ಲ, ನೀವೇ ನೋಡ್ಕೋರಿ ಅಂತಾರ."

"ನೀವು ಏನು ನೋಡ್ಕೊಂಡ್ರಿ?"

ಮಡೆಪ್ಪ ಸುತ್ತ ನೋಡಿದ. ಅಲ್ಲಿ ಕನ್ನಡ ಬಲ್ಲವಳು ಮಂಜಿರಿಯೊಬ್ಬಳೇ. "ಹೈದ್ರಾಬಾದಿನ ದಲಾಲ ಬರ್ತಾನಲ್ಲ. ಕಲ್ಲು ಇದ್ರ ಹೊರದೇಶದವರು ಹೆಚ್ಚಿಗಿ ತಗೋತಾರಂತ. ಖಾಲಿ ಡಬ್ಬಿ ಬ್ಯಾಡ ಅಂತಾನ."

ಶಾಂತಾಬಾಯಿಗೆ ಮುಂಜಾನೆಯಿಂದ ಬಂದ ಹೇಸಿಗೆಯೆಲ್ಲ ಹೇಸಿಗೆಯೇ ಅಲ್ಲ ಅನ್ನಿಸಿತು. ಲದ್ದಿ ತೊಳೆದರೆ ಹೋಗುತ್ತದೆ. ಈ ಮುದುಕಿಗೆ ಗೊತ್ತಿಲ್ಲ, ಗೊತ್ತಿಲ್ಲದವರ ತಪ್ಪನ್ನು ಶಿವ ಹಿಡಿಯುವುದಿಲ್ಲ. ಆದರೆ ತನ್ನ ಪಕ್ಕದಲ್ಲಿ ನಿಂತ ಈ ಮನುಷ್ಯ ದಿನಾ ಮುಂಜಾನೆ ಎಡಗೈಯಲ್ಲಿ ಲಿಂಗ ಹಿಡಿದು, ಪತ್ರಿ ಏರಿಸಿ, ಆಮೇಲೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದ. ಆ ಕೈಯಿಂದಲೇ ತನಗೆ ತುತ್ತು ಬರುತ್ತಿತ್ತು.

"ಮಂಜಿರಿ, ಅಕಿಗಿ ಹೇಳವ್ವ. ಇದು ನಮ್ಮ ದೇವರು. ಬೂದಿ ಹಾಕಬ್ಯಾಡ ಅನ್ನು."

ಮಂಜಿರಿ ಹೇಳಿದಳು. ಮುದುಕಿಯ ಕಣ್ಣು ಅರಳಿತು. ಸಿಗರೇಟು ನೆಲಕ್ಕೆ ಹೊಸಕಿ, ಡಬ್ಬಿಯನ್ನು ಕಸಿದು, ಬೂದಿಯನ್ನು ಫೂ ಎಂದು ಊದಿ, ಎದೆಗೆ ಹಿಡಿದು ಏನೋ ಅಂದಳು.

"ದೇವರದು ಅಂದ ಕೂಡ್ಲೆ ರೇಟು ಏರಿಸಿದಳು ಕಾಕು," ಮಂಜಿರಿ ತಲೆ ತಗ್ಗಿಸಿದಳು.

ಮಡೆಪ್ಪನ ಮುಖಕ್ಕೆ ಕಳೆ ಬಂತು. "ನಾ ಮಾತಾಡ್ತೇನಿ ತಡಿ. ಅರ್ಧಕ್ಕ ಇಳೀತಾಳ." ಬೆರಳು ಮಡಚಿ ಬಿಚ್ಚಿ ಚೌಕಾಸಿಗೆ ನಿಂತೇ ಬಿಟ್ಟ. ಮುದುಕಿಯೂ ಬೆರಳಲ್ಲೇ ಉತ್ತರ ಕೊಟ್ಟಳು. ಭಾಷೆ ಬಾರದ ಇಬ್ಬರೂ ಒಬ್ಬರಿಗೊಬ್ಬರು ಚೆನ್ನಾಗಿ ಅರ್ಥವಾದರು, ನಕ್ಕರು ಕೂಡ.

ಶಾಂತಾಬಾಯಿ ಕೊರಳಿನಿಂದ ತನ್ನ ಕರಡಿಗೆ ತೆಗೆದಳು. ತನ್ನ ಲಿಂಗವನ್ನು ಹೊರತೆಗೆದು, ಮಡಿ ಕರವಸ್ತ್ರದಲ್ಲಿ ಸುತ್ತಿ, ಶಿವದಾರದಿಂದ ಮತ್ತೆ ಕೊರಳಿಗೆ ಕಟ್ಟಿಕೊಂಡಳು. ಬೆಳ್ಳಿಯ ಖಾಲಿ ಡಬ್ಬಿಯನ್ನು ಮುದುಕಿಯ ಮಡಿಲಿಗೆ ಇಟ್ಟು, ಆಕೆಯ ಕೈಯಲ್ಲಿದ್ದ ಡಬ್ಬಿಯೊಳಗಿನ ಲಿಂಗವನ್ನಷ್ಟೇ ಬೆರಳು ಮಾಡಿ ತೋರಿಸಿದಳು. ಎರಡು ಬೆಳ್ಳಿ ಡಬ್ಬಿ ಒಂದು ಕಲ್ಲಿಗೆ. ಮುದುಕಿ ಕಲ್ಲನ್ನು ಕೂಡಲೇ ಕೊಟ್ಟಳು, ಇವಳಿಗೆ ತಲೆ ಕೆಟ್ಟಿದೆ ಎಂದು ಮಂಜಿರಿಗೆ ಸನ್ನೆಯನ್ನೂ ಮಾಡಿದಳು.

"ಏ ಶಾಂತಾ, ಅದು ಚೊಕ್ಕ ಬೆಳ್ಳಿ," ಮಡೆಪ್ಪ ಕೈ ಚಾಚಿದ.

"ಅಕಿ ಕಡೆ ಇರಲಿ ಬಿಡ್ರಿ. ನೀವಿಬ್ರೂ ಒಂದೇ ಪ್ಯಾಟಿ ಮಂದಿ."

ಬಾಟಲಿಯ ನೀರಿನಿಂದ ಲಿಂಗ ತೊಳೆದಳು. ಅಂಟಿದ್ದ ಬೂದಿ ಕಲ್ಲುಹಾಸಿನ ಸಂದಿಗೆ ಇಳಿದು ಹೋಯಿತು. ಒರೆಸಿಕೊಡಲು ಮಡೆಪ್ಪ ತನ್ನ ದಸ್ತಿ ಚಾಚಿದ. ಆಕೆ ತನ್ನ ಸೆರಗಿನಲ್ಲೇ ಒರೆಸಿ, ಅದೇ ಸೆರಗಿನ ತುದಿಗೆ ಗಂಟು ಹಾಕಿದಳು.

"ಊರಿಗಿ ಹೋದ ಕೂಡ್ಲೆ ಇದನ್ನ ಹೊಲದಾಗ ಮಣ್ಣು ಮಾಡೂನು," ಎಂದಳು. "ತೆಗ್ಗು ನೀವೇ ತೋಡಬೇಕು. ಆಳಿನ ಕೈಲಿ ಅಲ್ಲ."

"ಆತು," ಎಂದ ಮಡೆಪ್ಪ.

"ಅಂಗಡ್ಯಾಗ ಇನ್ನ ಉಳಿದಾವೇನ್ರಿ?"

ಮಡೆಪ್ಪ ದಸ್ತಿಯನ್ನು ಮಡಚಿ ಕಿಸೆಗೆ ಹಾಕಿಕೊಂಡ. "ಉಳಿದಾವ," ಎಂದ, ಅವಳ ಮುಖ ನೋಡದೆ. "ಗಲ್ಲಾದ ಕೆಳಗ."

"ಹಂಗಾರ ತೆಗ್ಗು ದೊಡ್ಡದು ತೋಡ್ರಿ," ಎಂದು ಶಾಂತಾಬಾಯಿ ಮಂಜಿರಿಯ ಕೈ ಹಿಡಿದು ಬಸ್ಸಿನ ಕಡೆ ನಡೆದಳು.