ಮಲಗಿರಬೇಕಾಗಿದ್ದ ಕರಡಿ

ನಾನು ಕ್ರೇನ್ ಓಡಿಸುವವನು. ನೆಲದ ಮೇಲೆ ಉರುಳಾಡುವ ಸಣ್ಣಪುಟ್ಟ ಕ್ರೇನಲ್ಲ. ಇಪ್ಪತ್ತೆಂಟು ಅಂತಸ್ತಿನ ಕಟ್ಟಡದ ಪಕ್ಕ ಕತ್ತು ಚಾಚಿ ನಿಂತಿರುತ್ತದಲ್ಲ, ಆ ಗೋಪುರದ ಕ್ರೇನು. ಅದರ ತುದಿಯ ಗಾಜಿನ ಗೂಡಿನಲ್ಲಿ ನಾನು ಕೂತರೆ ಮೋಡಗಳು ನನ್ನನ್ನು ಕೇಳಿಕೊಂಡೇ ಮುಂದೆ ಹೋಗುತ್ತವೆ. ದಾರಿ ತಪ್ಪಿದ ಹದ್ದುಗಳು ನನ್ನ ಕಿಟಕಿಗೆ ಬಂದು ವಿಳಾಸ ವಿಚಾರಿಸುತ್ತವೆ. ಹದಿನೆಂಟು ವರ್ಷಗಳಲ್ಲಿ ನಾನು ಎತ್ತಿಟ್ಟ ಕಬ್ಬಿಣವನ್ನೆಲ್ಲ ಒಂದೇ ಕಡೆ ರಾಶಿ ಹಾಕಿದರೆ ಭೂಮಿ ಆ ಬದಿಗೆ ವಾಲಿಬಿಡುತ್ತದೆ. ಅಷ್ಟರಲ್ಲಿ ಒಂದು ಮೊಳೆಯನ್ನೂ ಕೆಳಗೆ ಬೀಳಿಸಿದವನಲ್ಲ. ಇದಿಷ್ಟರಲ್ಲಿ ಕೊನೆಯ ಮಾತೊಂದೇ ನಿಜ ಎಂದು ನನ್ನ ಹೆಂಡತಿ ಹೇಳುತ್ತಾಳೆ. ನನ್ನ ಅತ್ತೆಗೆ ಅದರ ಮೇಲೂ ಅನುಮಾನ.

ನಮ್ಮ ಮಗಳನ್ನು ಎಲ್ಲರೂ ಕರೆಯುವುದು ಚಿಟಿಕೆ ಎಂದು. ಹುಟ್ಟಿದಾಗ ಒಂದು ಚಿಟಿಕೆಯಷ್ಟೇ ಇದ್ದಳು. ನಾನು ಮಾತ್ರ ಸೈಟಿನಲ್ಲಿ, ‘ಮಗುವನ್ನು ಇಟ್ಟ ಕೂಡಲೇ ಆಸ್ಪತ್ರೆಯ ತಕ್ಕಡಿ ಮುರಿದುಹೋಯಿತು’ ಎಂದು ಹೇಳಿ ಸಿಹಿ ಹಂಚಿದ್ದೆ. ಅವಳು ನನ್ನಂತಲ್ಲ. ಐದು ಮಾತಿನ ಜಾಗದಲ್ಲಿ ಎರಡು ಆಡುವವಳು. ಬೆಳಗ್ಗೆ ಹಾಲು ಕುಡಿಯುವಾಗ ನಾನು ಅವಳಿಗೆ ನಮ್ಮ ಕೆಲಸದ ಕೈಸನ್ನೆಗಳನ್ನೆಲ್ಲ ಕಲಿಸಿದ್ದೆ. ಅವಳು ಬೆರಳು ಮೇಲೆ ಮಾಡಿ ಸುತ್ತಿದರೆ ನಾನು ಲೋಟ ಎತ್ತಬೇಕು, ಕೆಳಗೆ ಮಾಡಿ ಸುತ್ತಿದರೆ ಇಳಿಸಬೇಕು. ಸೈಟಿನ ಎಂಜಿನಿಯರಿಗೂ ಹೆದರದ ನಾನು ಆ ಬೆರಳಿಗೆ ಪಳಗಿದ ಆನೆಯಂತೆ ತಲೆಬಾಗುತ್ತಿದ್ದೆ.

ಐದು ತುಂಬುವುದಕ್ಕೆ ಇನ್ನೂ ಒಂದು ತಿಂಗಳಿದೆ ಎನ್ನುವಾಗ ಅವಳು ಒಂದು ಕಾಗದ ತಂದು ನನ್ನ ತೊಡೆಯ ಮೇಲಿಟ್ಟಳು. ಅದರಲ್ಲಿ ಒಂದು ಮೇಜು, ಅದರ ಮೇಲಿಂದ ಇಳಿಬಿಟ್ಟ ಹೊದಿಕೆ, ಒಳಗೆ ಐದು ಸಣ್ಣ ಸೊನ್ನೆ, ಒಂದು ದೊಡ್ಡ ಸೊನ್ನೆ.

"ಇದು ನನ್ನ ಹುಟ್ಟುಹಬ್ಬ," ಎಂದಳು. "ಇದು ಗುಹೆ. ಇದು ನಾನು. ಈ ನಾಲ್ಕು ನನ್ನ ಫ್ರೆಂಡ್ಸು."

"ಈ ಕುಂಬಳಕಾಯಿ ಯಾರು?"

"ನೀನು. ನೀನು ಕರಡಿ. ಮಲಗಿರಬೇಕು. ನಾವು ಮೆತ್ತಗೆ ಬಂದು ಎಬ್ಬಿಸ್ತೀವಿ."

"ಎದ್ದು ನಾನೇನು ಹೇಳ್ಬೇಕು?"

"ಕರಡಿ ಮಾತಾಡಲ್ಲಪ್ಪಾ. ಎದ್ದು ಕೇಕ್ ತಿನ್ನುತ್ತೆ. ಅಷ್ಟೇ."

ಅಡುಗೆಮನೆಯಿಂದ ಅತ್ತೆ ನಕ್ಕರು. "ಮಾತಾಡದೇ ಇರೋ ಪಾತ್ರಾನಾ? ಅಳಿಯಂದ್ರಿಗಾ? ಕೂಸೇ, ಬೇರೆ ಕರಡಿ ಹುಡುಕ್ಕೋ."

ಆ ನಗು ನನ್ನನ್ನು ಚುಚ್ಚಿತು. ನನ್ನಂಥ ಗಂಡಸಿನ ಏಕೈಕ ಮಗಳ ಹುಟ್ಟುಹಬ್ಬ ಮೇಜಿನ ಕೆಳಗೆ! ಅದೂ ನಾನು ಗೊರಕೆ ಹೊಡೆಯುತ್ತ! ಮಗು ಪಾಪ, ಕಂಡದ್ದನ್ನೇ ಕೇಳುತ್ತದೆ, ಕಾಣದ್ದನ್ನು ತೋರಿಸಬೇಕಾದವನು ಅಪ್ಪ ಎಂದು ನನ್ನೊಳಗೆ ಯಾರೋ ಡೋಲು ಬಾರಿಸತೊಡಗಿದರು. ಆ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಮತ್ತೆ ತೆಗೆದು ನೋಡಲಿಲ್ಲ.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಸಭಾಂಗಣವಿದೆ. ಎತ್ತರದ ಚಾವಣಿ, ಮುಂದೆ ವೇದಿಕೆ, ಅದರ ಪಕ್ಕದಲ್ಲೇ ಮರದ ಉಪ್ಪರಿಗೆ. ಅದನ್ನು ನೋಡಿದ ಗಳಿಗೆಯಲ್ಲೇ ನನ್ನ ತಲೆಯಲ್ಲಿ ಚಂದ್ರ ಉದಯಿಸಿದ. ರಟ್ಟಿನ ಅರ್ಧಚಂದ್ರ, ಬೆಳ್ಳಿ ಕಾಗದ ಹೊದಿಸಿದ್ದು, ಒಳಗೆ ಮೆತ್ತನೆಯ ಕುರ್ಚಿ, ನಡುಪಟ್ಟಿ. ಉಪ್ಪರಿಗೆಯ ಮಟ್ಟದಿಂದ ಚಿಟಿಕೆ ಚಂದ್ರನ ಮೇಲೆ ಕೂತು ವೇದಿಕೆಗೆ ಇಳಿದು ಬರುತ್ತಾಳೆ. ಇಳಿಸುವವನು ನಾನು. ಕೆಳಗೆ ನಿಂತು ಸನ್ನೆ ಕೊಡುವವನು ನನ್ನ ಮೌನಿ.

ಮೌನಿ ಎಂದರೆ ಸೈಟಿನಲ್ಲಿ ನನಗೆ ಸನ್ನೆ ಕೊಡುವವನು. ನಮ್ಮಿಬ್ಬರ ನಡುವೆ ಮಾತು ಕಡಿಮೆ. ಹನ್ನೊಂದು ವರ್ಷ ಅವನ ಕೈಗಳನ್ನಷ್ಟೇ ನಂಬಿ ಕೆಲಸ ಮಾಡಿದವನು ನಾನು. ರಾಟೆ, ಹಗ್ಗ, ಸರಪಳಿ ಎಲ್ಲವನ್ನೂ ಇಬ್ಬರೂ ಸೇರಿ ಕಟ್ಟಿದೆವು. ಮಗುವಿನ ತೂಕದ ಹತ್ತರಷ್ಟು ಸಿಮೆಂಟು ಚೀಲ ಕಟ್ಟಿ ನಲವತ್ತು ಸಲ ಇಳಿಸಿ ನೋಡಿದೆವು. (ನಾಲ್ಕು ಸಲ. ಆದರೆ ಚೆನ್ನಾಗಿ ನೋಡಿದೆವು.)

ಕರೆಯಲು ಹೊರಟರೆ ಪಟ್ಟಿ ತೊಂಬತ್ತಕ್ಕೆ ಹೋಯಿತು: ವೆಲ್ಡರುಗಳು, ಗಾರೆಯವರು, ಲಿಫ್ಟಿನವರು, ಅವರ ಹೆಂಡತಿ ಮಕ್ಕಳು.

"ಅವಳು ಕೇಳಿದ್ದು ಒಂದು ಮೇಜು," ಎಂದಳು ಹೆಂಡತಿ. "ನೀವು ಮಾಡ್ತಿರೋದು ಮೆರವಣಿಗೆ."

"ದೊಡ್ಡವಳಾದ ಮೇಲೆ ನೆನಪಿರುತ್ತೆ ಕಣೇ."

"ಅದೇ ನನ್ನ ಭಯ."

ಚಂದ್ರನ ಮೇಲೆ ಇಳಿಯುವುದು ಕೇಕು ಎಂದು ಹೆಂಡತಿಗೆ ಹೇಳಿದ್ದೆ. ಮಗಳಿಗೆ ಗುಟ್ಟು ಎಂದಷ್ಟೇ ಹೇಳಿದ್ದೆ. ಅವಳು ದಿನಾ ಕೇಳುತ್ತಿದ್ದಳು.

"ಅಪ್ಪಾ, ಗುಹೆ ಎಲ್ಲಿ ಮಾಡ್ತೀಯಾ?"

"ಗುಹೆಗಿಂತ ದೊಡ್ಡದು ಮಾಡ್ತಿದ್ದೀನಿ."

"ಮತ್ತೆ ಕರಡಿ?"

"ಕರಡಿಗಿಂತ ದೊಡ್ಡದು!"

"ಕರಡಿ ಸಾಕಪ್ಪಾ," ಎನ್ನುತ್ತಿದ್ದಳು. ನಾನು ಅವಳನ್ನು ಎತ್ತಿ ಚಾವಣಿಗೆ ಮುಟ್ಟಿಸಿ ಮಾತು ಮರೆಸುತ್ತಿದ್ದೆ.

ಆ ದಿನ ಬಂತು. ತೊಂಬತ್ತು ಜನ ಬಂದರು. ನಾನು ಈಗಲೂ ಒಂಬೈನೂರು ಎನ್ನುತ್ತೇನೆ. ಹೆಂಡತಿ ಬಾಗಿಲಲ್ಲಿ ಬಂದವರನ್ನು ಕೂರಿಸುತ್ತಿದ್ದಾಗ ನಾನು ಚಿಟಿಕೆಯ ಕೈ ಹಿಡಿದು ಉಪ್ಪರಿಗೆಗೆ ಕರೆದೊಯ್ದೆ. ಚಂದ್ರನನ್ನು ನೋಡಿ ಅವಳ ಕಣ್ಣು ಅರಳಿದವು, ಅದು ಸುಳ್ಳಲ್ಲ. ಆಮೇಲೆ ಕಟಕಟೆಯಿಂದ ಇಣುಕಿ ಕೆಳಗಿನ ತಲೆಗಳನ್ನು ನೋಡಿದಳು.

"ನನ್ನ ಫ್ರೆಂಡ್ಸ್ ಎಲ್ಲಿ?"

"ಕೆಳಗಿದ್ದಾರೆ ಪುಟ್ಟಾ. ಎಲ್ಲ ನಿನ್ನನ್ನೇ ಕಾಯ್ತಿದ್ದಾರೆ."

"ನಂಗೆ ಬೇಡಪ್ಪಾ."

"ಕೂತು ನೋಡು. ಇಳಿಸೋದು ಯಾರು? ನಿಮ್ಮಪ್ಪ!"

ಅವಳು ಕೂತಳು. ನಡುಪಟ್ಟಿ ಬಿಗಿದೆ, ಮೂರು ಸಲ ಎಳೆದು ನೋಡಿದೆ. ದೀಪಗಳು ಆರಿ, ಒಂದೇ ಬೆಳಕು ಚಂದ್ರನ ಮೇಲೆ ಬಿದ್ದಾಗ ಇಡೀ ಸಭಾಂಗಣ ‘ಹೋ’ ಎಂದಿತು. ನನ್ನ ಎದೆ ಉಬ್ಬಿ ಅಂಗಿಯ ಎರಡು ಗುಂಡಿ ಹಾರಿದವು. ಮೌನಿ ಕೆಳಗಿನಿಂದ ಬೆರಳು ಸುತ್ತಿದ: ನಿಧಾನ ಇಳಿಸು. ಇಳಿಸಿದೆ. ಬೆಣ್ಣೆಯಿಂದ ಕೂದಲೆಳೆದ ಹಾಗೆ ಹಗ್ಗ ಜಾರಿತು.

ಅರ್ಧ ದಾರಿಯಲ್ಲಿ ಚಿಟಿಕೆ ಎರಡೂ ಕೈಗಳನ್ನು ಪಕ್ಕಕ್ಕೆ ಚಾಚಿ, ಅಂಗೈ ನೆಲಕ್ಕೆ ಮಾಡಿ ಹಿಡಿದಳು. ನಮ್ಮ ಕೆಲಸದಲ್ಲಿ ಅದರ ಅರ್ಥ ನಿಲ್ಲಿಸು. ಬೇರೆ ಸನ್ನೆಗಳನ್ನು ನಾವು ಸನ್ನೆಯವನಿಂದ ಮಾತ್ರ ತೆಗೆದುಕೊಳ್ಳುತ್ತೇವೆ. ಇದೊಂದನ್ನು ಯಾರು ಕೊಟ್ಟರೂ ಪಾಲಿಸಬೇಕು, ಕಸ ಗುಡಿಸುವವಳಾಗಲಿ, ಬೀದಿಯಲ್ಲಿ ಹೋಗುವವನಾಗಲಿ. ಏಕೆ ಎಂದು ಕೇಳುವಂತಿಲ್ಲ. ಕೊಟ್ಟವರು ಸರಿ ಎನ್ನುವ ತನಕ ಹೊರೆಯನ್ನು ಒಂದು ಬೆರಳಿನಷ್ಟೂ ಕದಲಿಸುವಂತಿಲ್ಲ.

ನನ್ನ ಕೈ ತಾನಾಗಿಯೇ ನಿಂತಿತು. ಹದಿನೆಂಟು ವರ್ಷದ ಕೈ. ಚಂದ್ರ ಗಾಳಿಯಲ್ಲಿ ನಿಂತ. ಬಿಳಿ ಫ್ರಾಕು, ಚಾಚಿದ ಎರಡು ಪುಟ್ಟ ಕೈ. ಅದೂ ಆಟದ ಭಾಗ, ಮಗು ರೆಕ್ಕೆ ಬಿಚ್ಚಿದೆ ಎಂದುಕೊಂಡ ಜನ ಚಪ್ಪಾಳೆ ತಟ್ಟತೊಡಗಿದರು. ಯಾರೋ ಶಿಳ್ಳೆ ಹೊಡೆದರು. "ಇನ್ನೊಂದ್ಸಲ! ಸುತ್ತು ಹಾಕ್ಸು ಗುರೂ!" ಎಂದು ಒಬ್ಬ ವೆಲ್ಡರ್ ಕೂಗಿದ.

ನಾನು ಸುತ್ತು ಹಾಕಿಸಿದೆ.

ಸರಿಯಾಗಿ ಹೇಳಬೇಕು. ಅವಳ ಕೈ ನನಗೆ ಕಾಣುತ್ತಿತ್ತು. ಅವಳ ಮುಖವೂ ಕಾಣುತ್ತಿತ್ತು. ಬಾಯಿ ತೆರೆದಿತ್ತು, ಸದ್ದು ಬರುತ್ತಿರಲಿಲ್ಲ. ಚಾಚಿದ್ದು ರೆಕ್ಕೆಯಲ್ಲ, ಸನ್ನೆ ಎಂದು ಇಡೀ ಸಭಾಂಗಣದಲ್ಲಿ ಗುರುತಿಸಿದವರು ಮೂವರು: ಅವಳು, ಮೌನಿ, ನಾನು. ಒಬ್ಬ ಕುಡುಕ ನಿಲ್ಲಿಸು ಎಂದರೂ ಒಂದು ಕಬ್ಬಿಣದ ಕಂಬಿಯನ್ನು ಕದಲಿಸದವನು, ನನ್ನ ಮಗಳನ್ನು ತೊಂಬತ್ತು ಜನರ ಚಪ್ಪಾಳೆಗಾಗಿ ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿದೆ.

ಮೌನಿ ಎರಡು ಕೈಯನ್ನೂ ಚಾಚಿದ. ನಾನು ನಿಲ್ಲಿಸದಿದ್ದಾಗ ಹನ್ನೊಂದು ವರ್ಷದಲ್ಲಿ ಮೊದಲ ಸಲ ಕಿರುಚಿದ: "ಏಯ್! ಕಣ್ಣು ಕಾಣಲ್ವೇನೋ ನಿಂಗೆ?"

ಇಳಿಸಿದೆವು. ಹೆಂಡತಿ ಓಡಿಬಂದು ಪಟ್ಟಿ ಬಿಚ್ಚಿದಳು. ಫ್ರಾಕು, ಕುರ್ಚಿ ಎರಡೂ ಒದ್ದೆಯಾಗಿದ್ದವು. ಮುಂದಿನ ಸಾಲಿನ ಮಕ್ಕಳಲ್ಲಿ ಒಂದು ಅದನ್ನು ಗಟ್ಟಿಯಾಗಿ ಹೇಳಿತು, ಉಳಿದವು ನಕ್ಕವು. ಆ ನಗುವಲ್ಲಿ ಅವಳ ನಾಲ್ವರು ಸ್ನೇಹಿತರಲ್ಲಿ ಇಬ್ಬರಿದ್ದರು. ಚಿಟಿಕೆ ಅಳಲಿಲ್ಲ. ಅಮ್ಮನ ಹೆಗಲಲ್ಲಿ ಮುಖ ಹುದುಗಿಸಿದವಳು ಕೇಕು ಕತ್ತರಿಸಲೂ ತಿರುಗಲಿಲ್ಲ. ಕೇಕನ್ನು ಲಿಫ್ಟಿನವನ ಮಗ ಕತ್ತರಿಸಿದ.

ಸಂಜೆ ಮನೆಯಲ್ಲಿ ನಾನು ಮಗಳ ಹಾಸಿಗೆಯ ಬಳಿ ಕೂತೆ. ಕ್ಷಮಿಸು ಎಂದು ಹೇಳಲು ಬಾಯಿ ತೆರೆದೆ. ಹಾಳಾದ ನಾಲಿಗೆ, ಅದಕ್ಕೆ ಎಲುಬಿಲ್ಲ.

"ಅದು ಗಾಳಿ ಪುಟ್ಟಾ. ಇದ್ದಕ್ಕಿದ್ದ ಹಾಗೆ ಎಂಥಾ ಗಾಳಿ ಬೀಸ್ತು ಅಂತೀಯಾ! ಚಂದ್ರನ್ನ ತಿರುಗಿಸೇಬಿಡ್ತು. ನಾನು ಹಿಡಿದೆ ನೋಡು, ಇಲ್ಲದಿದ್ರೆ…"

ಅವಳು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡಳು.

"ಒಳಗಡೆ ಗಾಳಿ ಇರ್ಲಿಲ್ಲಪ್ಪಾ," ಎಂದು ಗೋಡೆಯ ಕಡೆ ತಿರುಗಿದಳು.

ಮೋಡ, ಹದ್ದು, ತಕ್ಕಡಿ ಎಲ್ಲವನ್ನೂ ಅವಳು ನಂಬಿದ್ದಳು. ನಂಬುತ್ತಾಳೆಂದೇ ನಾನು ಹೇಳುತ್ತಿದ್ದೆ. ಅವಳು ನಂಬದೇ ಹೋದ ಮೊದಲ ಮಾತು ಅದು.

ಮುಂದಿನ ಭಾನುವಾರ ಊಟದ ಮೇಜಿಗೆ ಹೊದಿಕೆ ಇಳಿಬಿಟ್ಟು, ಕಂದು ಕಂಬಳಿ ಹೊದ್ದು ಒಳಗೆ ಮಲಗಿದೆ. ಗೊರಕೆ ಹೊಡೆದೆ. ಮೊದಮೊದಲು ಸಿಂಹದಂತೆ, ಆಮೇಲೆ, ಕರಡಿ ಅಷ್ಟು ಜೋರಾಗಿ ಹೊಡೆಯಲಿಕ್ಕಿಲ್ಲ ಎನಿಸಿ, ಮೆತ್ತಗೆ. ಗಂಟೆ ಕಳೆಯಿತು. ಮೊಣಕಾಲು ಮರಗಟ್ಟಿತು. ಪುಟ್ಟ ಪಾದಗಳು ಬಂದು ಹೊದಿಕೆಯ ಆಚೆ ನಿಂತವು. ನಾನು ಕಣ್ಣು ಮುಚ್ಚಿದೆ, ಉಸಿರನ್ನೂ ಬಿಗಿಹಿಡಿದೆ. ಹೊದಿಕೆಯ ಅಂಚು ಮೇಲಕ್ಕೆ ಹೋಯಿತು.

"ಅಪ್ಪಾ, ಅಮ್ಮ ಮೇಜು ಬೇಕಂತೆ. ತಟ್ಟೆ ಹಾಕ್ಬೇಕಂತೆ."

ಎದ್ದೆ. ತಲೆ ಮೇಜಿಗೆ ತಾಗಿತು. ಅವಳು ನಗಲಿಲ್ಲ.

ಅವಳು ನನ್ನೊಡನೆ ಮಾತು ಬಿಟ್ಟಳೆಂದೇನೂ ಅಲ್ಲ. ಶಾಲೆಗೆ ನಾನೇ ಬಿಡುತ್ತೇನೆ, ಬೂಟಿನ ದಾರ ನಾನೇ ಕಟ್ಟುತ್ತೇನೆ. ಸೊಂಟ ಹಿಡಿದು ಮೇಲಕ್ಕೆತ್ತಲು ಹೋದರೆ ಮಾತ್ರ ಮೆಲ್ಲನೆ ಜಾರಿಕೊಳ್ಳುತ್ತಾಳೆ, ನನಗೆ ನೋವಾಗದ ಹಾಗೆ. ಐದು ವರ್ಷದ ಮಗು ಅಪ್ಪನಿಗೆ ನೋವಾಗದ ಹಾಗೆ ನಡೆದುಕೊಳ್ಳುವುದನ್ನು ಯಾವ ಅಪ್ಪನೂ ನೋಡಬಾರದು.

ಈ ವರ್ಷ ಆರು ತುಂಬುತ್ತದೆ. ಮೊನ್ನೆ ಕೆಲಸದಿಂದ ಬಂದಾಗ ತಾಯಿ ಮಗಳು ಅಡುಗೆಮನೆಯಲ್ಲಿ ಕೂತು ಹುಟ್ಟುಹಬ್ಬದ ಯೋಜನೆ ಹಾಕುತ್ತಿದ್ದರು. ತಾರಸಿಯಲ್ಲಿ ಸೋಪಿನ ಗುಳ್ಳೆ, ಮೂರೇ ಮೂರು ಸ್ನೇಹಿತರು, ಮುಖಕ್ಕೆ ಬಣ್ಣ. ಗುಳ್ಳೆ ಊದಲು ನನಗೊಂದು ಉಪಾಯ ಹೊಳೆಯಿತು. ದೊಡ್ಡ ಬಳೆ, ಒಂದು ಫ್ಯಾನು, ಒಂದೊಂದು ಗುಳ್ಳೆ ಒಂದೊಂದು ಮನೆಯಷ್ಟು! ತುಟಿಯವರೆಗೆ ಬಂದದ್ದನ್ನು ನೀರಿನ ಜೊತೆ ನುಂಗಿದೆ.

ಚಿಟಿಕೆ ತಲೆ ಎತ್ತಿದಳು. "ಅಪ್ಪಾ, ಆವತ್ತು ನಿಂಗೆ ಡ್ಯೂಟಿ ಇದೆಯಲ್ವಾ?"

ಆವತ್ತು ಭಾನುವಾರ. ಭಾನುವಾರ ಸೈಟಿಗೆ ಬೀಗ ಎಂದು ಮನೆಯ ಬೆಕ್ಕಿಗೂ ಗೊತ್ತು. ಹೆಂಡತಿ ನನ್ನ ಮುಖ ನೋಡಿದಳು.

"ಇದೆ," ಎಂದೆ.

"ತುಂಬಾ ಹೊತ್ತಾ?"

"ಎಷ್ಟು ಗಂಟೆ ತನಕ ಇರ್ಲಿ, ಹೇಳು."

ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. "ಆರು ಗಂಟೆ. ಆಮೇಲೆ ಬಾ."

"ಸರಿ. ಆರು ಗಂಟೆ."

ಅವಳ ಭುಜಗಳು ಸಡಿಲವಾದದ್ದು ನನಗೆ ಕಂಡಿತು. ಎದ್ದು ಬಂದು, ಹಿರಿಯರು ಕಿರಿಯರನ್ನು ಸಮಾಧಾನ ಮಾಡುವ ಹಾಗೆ, ನನ್ನ ಮೊಣಕೈ ಮೇಲೆ ಕೈಯಿಟ್ಟಳು.

"ನಿಂಗೆ ಕೇಕ್ ಎತ್ತಿಡ್ತೀನಿ."

"ಹೂವು ಇರೋ ತುಂಡಾ?"

"ನೋಡೋಣ," ಎಂದು ಹೇಳಿ, ಮತ್ತೆ ಹೋಗಿ ಬಣ್ಣದ ಡಬ್ಬಿಗಳನ್ನು ಎಣಿಸತೊಡಗಿದಳು.