ಗೆರೆಯೊಳಗಿನ ಚಿನ್ನ

ಮದ್ದೂರಿನ ಮೆಡಿಕಲ್ ಶಾಪಿನ ನವೀದ್ ಬಸಿರು ನೋಡುವ ಪಟ್ಟಿ ಕೊಡುವಾಗ ಎರಡು ಮಾತು ಹೇಳಿಕೊಟ್ಟಿದ್ದ. ಪಟ್ಟಿಯಲ್ಲಿ ಕೆಂಪು ಗೆರೆ ಮೂಡಿಸುವುದು ಕಣ್ಣಿಗೇ ಕಾಣದಷ್ಟು ಸಣ್ಣ ಚಿನ್ನದ ಕಣಗಳು. ಐದು ನಿಮಿಷಕ್ಕೆ ಸರಿಯಾಗಿ ನೋಡಬೇಕು. ವೈದ್ಯನಾಥಪುರದ ಮನೆ ಸೇರುವಷ್ಟರಲ್ಲಿ ಮಹದೇವು ಎರಡನೆಯದನ್ನು ಮರೆತಿದ್ದ. ಅವನ ತಾಯಿ ಇಂದ್ರಮ್ಮನಿಗೆ ಮೊದಲನೆಯದೇ ಸಾಕಾಯಿತು. ಆ ಮನೆಗೆ ಬಂದ ಚಿನ್ನ, ಮೂಗುಬೊಟ್ಟಾದರೂ ಸರಿ, ದೇವರ ಮುಂದಿಟ್ಟು ಪೂಜೆಯಾಗದೆ ಯಾರೂ ನೋಡುವಂತಿರಲಿಲ್ಲ.

ಹಾಗಾಗಿ ಸೊಸೆ ಕುಸುಮ ಬಚ್ಚಲಿನಿಂದ ತಂದ ಪಟ್ಟಿ ವೀಳ್ಯದೆಲೆಯ ಮೇಲೆ ಕೂತು ಆರತಿ ಮಾಡಿಸಿಕೊಂಡಿತು. ಚಿನ್ನಕ್ಕೆ ಮೈಲಿಗೆಯಿಲ್ಲವಂತೆ.

ಪೊಟ್ಟಣದ ಮೇಲಿನದನ್ನು ಓದಿದ್ದ ಕುಸುಮ ಐದು ನಿಮಿಷಕ್ಕೆ ಕದ್ದು ನೋಡಿದಳು. ಒಂದೇ ಗೆರೆ, ಬಸಿರಿಲ್ಲ. ಅರ್ಧ ಗಂಟೆಯ ಮೇಲೆ ಇಂದ್ರಮ್ಮ ಕಾಯಿ ಒಡೆದು ನೋಡಿದಾಗ, ಒಣಗಿದ ಪಟ್ಟಿಯಲ್ಲಿ ಎರಡನೇ ಗೆರೆಯ ಮಸುಕು ನೆರಳಿತ್ತು.

“ನಿಂತದೆ ಕಣ್ಲಾ ಮಗ.”

ಕುಸುಮ ಬಾಯಿ ಬಿಡಲಿಲ್ಲ. ಈ ತಿಂಗಳೂ ಇಲ್ಲವೆಂದರೆ ಅವಳನ್ನು ಪೂರಿಗಾಲಿಯ ತವರಿಗೆ ಅಟ್ಟಿ, ಇಂದ್ರಮ್ಮನ ಅಣ್ಣನ ಮಗಳು ಮೋಹಿನಿಯನ್ನು ತರುವುದೆಂದು ತೀರ್ಮಾನವಾಗಿತ್ತು. ಐದು ವರ್ಷದಲ್ಲಿ ಮೊದಲ ಸಲ ಅವಳ ತಟ್ಟೆಗೆ ತುಪ್ಪ ಬಿತ್ತು. ಹನ್ನೆರಡು ದಿನ ತಿಂದಳು. ಹದಿಮೂರನೆಯ ದಿನ ಮುಟ್ಟಾದಳು.

“ಏನ್ ತಿಂದ್ಯೇ, ಪರಂಗಿಕಾಯಾ?” ಇಂದ್ರಮ್ಮ ಜಗುಲಿಗೆ ಬಂದೇ ಕೇಳಿದಳು. ಉತ್ತರವನ್ನೂ ತಾನೇ ಕೊಟ್ಟಳು, ಸೆರಗು ಕಚ್ಚಿ, ಕುಸುಮಳ ದನಿಯನ್ನು ಮೂಗಿನಲ್ಲಿ ಎಳೆದು: “ನಂಗೊತ್ತಿಲ್ಲ ಅತ್ತೇ...”

ಪಕ್ಕದ ಮನೆಯ ಅಂಕಮ್ಮ ನಕ್ಕಳು. ಸಂಜೆಗೆ ಬೀದಿಯ ಮಕ್ಕಳೆಲ್ಲ ಆ ದನಿ ಕಲಿತಿದ್ದವು. ಕೂಸು ತಿಂದವಳು ಎಂಬ ಹೆಸರನ್ನೂ.

ತಡೆಯಲಾರದೆ ಕುಸುಮ ತಾನೇ ಹೋಗಿ ಇನ್ನೊಂದು ಪಟ್ಟಿ ತಂದಳು. ಗಂಡನನ್ನು ಗೋಗರೆದು ಅವನನ್ನೇ ಬಚ್ಚಲಿಗೆ ಕಳಿಸಿದಳು. ಪಟ್ಟಿಯನ್ನು ನಡುಮನೆಯಲ್ಲಿಟ್ಟು, ಅಂಕಮ್ಮನನ್ನೂ ಕರೆದು ಕೂರಿಸಿದಳು. ಐದು ನಿಮಿಷಕ್ಕೆ ಒಂದು ಗೆರೆ. ಅರ್ಧ ಗಂಟೆಗೆ ಮಸುಕಾಗಿ ಇನ್ನೊಂದು.

“ನೋಡಿ ಅತ್ತೆ, ನಿಮ್ ಮಗನೂ ಬಸುರಿ. ತಡವಾಗಿ ನೋಡುದ್ರೆ ಇದು ಸುಳ್ಳೇಳ್ತದೆ. ಅವತ್ತೂ ಏನೂ ಇರ್ಲಿಲ್ಲ. ನಾನ್ ಯಾವ ಕೂಸ್ನೂ ತಿನ್ಲಿಲ್ಲ.”

ಅಂಕಮ್ಮ ತಲೆಯಾಡಿಸಿದಳು. ಇಂದ್ರಮ್ಮ ಪಟ್ಟಿಯನ್ನು ಬೆಳಕಿಗೆ ಹಿಡಿದು, ಆಚೀಚೆ ತಿರುಗಿಸಿ, ನಿಧಾನಕ್ಕೆ ಒಪ್ಪಿಕೊಂಡಳು.

“ದಿಟ ಕಣಮ್ಮ. ನೀನ್ ತಿನ್ಲಿಲ್ಲ. ತಿನ್ನಕ್ಕೆ ಅಲ್ಲೇನಿತ್ತು? ನೀನೇ ಬಾಯ್ಬುಟ್ಟೆ, ಅಂಕಮ್ಮನೇ ಸಾಕ್ಷಿ. ಲೇ ಮಹದೇವು, ಮೋಹಿನಿ ಅಪ್ಪಂಗೆ ಫೋನ್ ಮಾಡ್ಲಾ.”

ಆಮೇಲೆ ಪಟ್ಟಿಯನ್ನು ಕುಸುಮಳ ಅಂಗೈಯಲ್ಲಿಟ್ಟು, ಬೆರಳು ಮಡಿಚಿದಳು.

“ತಕೋ, ಇದ್ರಲ್ಲಿ ಚಿನ್ನ ಐತಂತೆ. ತವ್ರಿಗೆ ಬರಿಗೈಲಿ ಓಗ್ಬ್ಯಾಡ.”